ಟ್ಯೂಬ್‌ಲೆಸ್ ಟೈರ್ 'ಟಪ್' ಅನ್ನಲಿಲ್ಲ ಅಂತ ಹವಾ ಏರಿಸಬೇಡಿ

ಹುಬ್ಬಳ್ಳಿಯ ಒಂದು ಮನೆಯ ಹಿತ್ತಲು. ಸೈಕಲ್ಲಿನ ಟ್ಯೂಬ್ ತೆಗೆದು ಗಾಲಿಯನ್ನು ಟ್ಯೂಬ್‌ಲೆಸ್ ಮಾಡುವ ಕೆಲಸ ನಡೆದಿತ್ತು. ಮೌಂಟೇನ್ ಬೈಕಿನ ಹಿಂದಿನ ಗಾಲಿ, 29 ಇಂಚಿನದು, 2.25 ಇಂಚು ದಪ್ಪದ ಟೈರು. ರಿಮ್ಮಿಗೆ ಕರೆಂಟ್ ಟೇಪು ನಾಲ್ಕು ಸುತ್ತು, ಟೈರು ಹಳೆಯದು, ತೂತು ಮುಚ್ಚುವ ದ್ರವ, ಅಂದರೆ ಸೀಲಂಟು, ಆಗಲೇ ಒಳಗೆ ಹೋಗಿತ್ತು. ಒಂದು ಮಗ್ಗುಲು ರಿಮ್ಮಿನ ಅಂಚಿಗೆ ಬಂದು ಕೂತಿತು, ಇನ್ನೊಂದು ಮಗ್ಗುಲು ಗೇಣುದ್ದ ಒಳಗೇ ಉಳಿಯಿತು. ಹವಾದ ಒತ್ತಡ 40 ಪಿಎಸ್‌ಐ ಆದರೂ ಮೇಲೇಳಲಿಲ್ಲ. ಪೇಂಟ್ ಹೊಡೆಯಲು ತಂದಿದ್ದ ಕಂಪ್ರೆಸರ್ ಹಚ್ಚಿದರು. 50 ಆಯಿತು, 60 ಆಯಿತು. ಟೈರು ರಿಮ್ಮಿಗೆ ಸರಿಯಾಗಿ ಕೂತಾಗ ಬರುವ 'ಟಪ್' ಸದ್ದಿಗೆ ಕಾಯುತ್ತಿದ್ದರು, ಅದು ಬರಲೇ ಇಲ್ಲ, ಗುಂಡು ಹೊಡೆದಂಥ ಸದ್ದು ಬಂತು. ಟೈರು ರಿಮ್ ಬಿಟ್ಟು ಹಾರಿತು. ಬಿಳಿ ಸೀಲಂಟು ಗೋಡೆಗೆ, ಒಣಹಾಕಿದ್ದ ಅರಿವೆಗೆ, ಮುಖಕ್ಕೆ ಸಿಡಿಯಿತು. ಕಣ್ಣು ನೀರಲ್ಲಿ ತೊಳೆದು ಡಾಕ್ಟರ ಹತ್ತಿರ ಓಡಬೇಕಾಯಿತು. ಕಿವಿ ಎರಡು ದಿನ ಗುಂಯ್ ಅನ್ನುತ್ತಿತ್ತು. ರಿಮ್ಮಿನ ಅಂಚು ಹೊರಗೆ ಬಾಗಿ, ಗಾಲಿ ಗುಜರಿಗೆ ಹೋಯಿತು.

ಆ ಗಾಲಿಯಲ್ಲಿ ನಡೆದ ಒಂದೊಂದು ತಪ್ಪೂ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಎಲ್ಲ ಕಡೆ ಮನೆಯಲ್ಲೇ ಈ ಕೆಲಸ ಮಾಡುವವರು ಮಾಡುವಂಥದ್ದು. ಅದಕ್ಕೇ ಬಿಡಿಸಿ ಹೇಳಬೇಕು.

ಮೊದಲು ಹವಾದ ಲೆಕ್ಕ. 'ರೋಡ್ ಸೈಕಲಿಗೆ 100 ಹಾಕ್ತಾರ, 60 ಏನ್ ಮಹಾ' ಅನ್ನುವ ಮಾತು ಬಹಳ ಕೇಳಿಬರುತ್ತದೆ. ಟೈರು ಎಷ್ಟು ದಪ್ಪವೋ, ಅದೇ ಹವಾಕ್ಕೆ ಅದರ ಮೈ ಅಷ್ಟು ಹೆಚ್ಚು ಬಿಗಿಯುತ್ತದೆ, ಅಂಚನ್ನು ಅಷ್ಟೇ ಜೋರಾಗಿ ಎಳೆಯುತ್ತದೆ. ಆ 2.25 ಟೈರಿನ ಮಗ್ಗುಲಲ್ಲಿ 57-622 ಎಂದು ಬರೆದಿರುತ್ತದೆ; ಮೊದಲಿನದು ದಪ್ಪ ಮಿಲಿಮೀಟರಿನಲ್ಲಿ, ಎರಡನೆಯದು ಟೈರು ಕೂರುವ ಜಾಗದ ವ್ಯಾಸ. 57 ಮಿ.ಮೀ. ಟೈರಿಗೆ 60 ಪಿಎಸ್‌ಐ ತುಂಬಿದರೆ ಬೀಳುವ ಎಳೆತ, 25 ಮಿ.ಮೀ. ಟೈರಿಗೆ ಸುಮಾರು 137 ತುಂಬಿದಷ್ಟು. ಒಳಗಿರುವ ಹವಾ ಕೂಡ ಕಡಿಮೆಯೇನಲ್ಲ, ಸುಮಾರು 5 ಲೀಟರಿನ ಜಾಗ. ಇನ್ನು ಕಂಪ್ರೆಸರಿನ ಮೇಲಿನ ಮುಳ್ಳು ಟ್ಯಾಂಕಿನ ಒತ್ತಡ ತೋರಿಸುತ್ತದೆ, ಟೈರಿನದ್ದಲ್ಲ. ಟ್ಯಾಂಕಿನಲ್ಲಿ 100ರ ಮೇಲಿರುವಾಗ ಸೈಕಲ್ ಟೈರು ಮಿತಿ ದಾಟಲು ಒಂದೆರಡು ಸೆಕೆಂಡು ಸಾಕು.

ಟೈರಿನ ಮೇಲೆ ಬರೆದ ಗರಿಷ್ಠ ಒತ್ತಡ, ರಿಮ್ಮಿನ ಗರಿಷ್ಠ ಒತ್ತಡ, ಇವೆರಡರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ. ಅಗಲ ರಿಮ್ಮುಗಳ ಮಿತಿ ಟೈರಿಗಿಂತ ಕಡಿಮೆ ಇರುವುದುಂಟು. ಏನೇ ಬರೆದಿದ್ದರೂ ಮನೆಯಲ್ಲಿ 40 ದಾಟಬೇಡಿ. 35–40ಕ್ಕೆ ಕೂರದ ಟೈರಿಗೆ ಕೊರತೆ ಹವಾದ್ದಲ್ಲ. ರಿಮ್, ಟೇಪು ಅಥವಾ ಬೀಡ್, ಮೂರರಲ್ಲಿ ಒಂದು ಕಡೆ ದೋಷವಿದೆ.

ಬೀಡ್ ಅಂದರೆ ಟೈರಿನ ಅಂಚಿನೊಳಗಿನ ಗಟ್ಟಿ ಉಂಗುರ. ಟ್ಯೂಬ್‌ಲೆಸ್ ರಿಮ್ಮಿನ ನಡುವೆ ಕಾಲುವೆಯಂಥ ತಗ್ಗು, ಅದರ ಎರಡೂ ಬದಿಗೆ ಬೀಡ್ ಕೂರಲು ಸಮತಟ್ಟು ಕಟ್ಟೆ, ಬೀಡ್ ಒಳಗೆ ಜಾರದಂತೆ ಸಣ್ಣ ಉಬ್ಬು ಇರುತ್ತದೆ. ಸಾದಾ ರಿಮ್ಮಿನಲ್ಲಿ ಈ ಕಟ್ಟೆ ಸರಿಯಾಗಿರುವುದಿಲ್ಲ, ಬೀಡ್ ಸಡಿಲಾಗಿ ನಿಲ್ಲುತ್ತದೆ. ಅದನ್ನು ಬಿಗಿ ಮಾಡಲಿಕ್ಕೆಂದೇ ಸುತ್ತಿನ ಮೇಲೆ ಸುತ್ತು ಟೇಪು ಹಾಕುತ್ತಾರೆ. ಟೇಪು ಹೆಚ್ಚಾದರೆ ಬೀಡ್ ಒಂದು ಕಡೆ ಸಿಕ್ಕಿಕೊಳ್ಳುತ್ತದೆ, ಹವಾ ಏರಿಸಿದಂತೆ ಎದುರಿನ ಕಡೆ ರಿಮ್ಮಿನ ಗೋಡೆ ಹತ್ತಿ ಹೊರಗೆ ಬೀಳುತ್ತದೆ. ಹಿತ್ತಲಿನ ಗಾಲಿಯಲ್ಲಿ ಆದದ್ದು ಇದೇ. ಟೈರೂ 'ಟ್ಯೂಬ್‌ಲೆಸ್ ರೆಡಿ' ಎಂದು ಬರೆದದ್ದೇ ಇರಬೇಕು. ಸಾದಾ ಟೈರಿನ ಬೀಡ್ ಹಿಗ್ಗುತ್ತದೆ, ಮಗ್ಗುಲಿನಿಂದ ಹವಾ ಜಿನುಗುತ್ತದೆ.

ಅಗ್ಗದ ಸೈಕಲ್ಲುಗಳಲ್ಲಿ ಇನ್ನೊಂದು ತೊಡಕಿದೆ. ರಿಮ್ಮಿನ ತೂತು 8.5 ಮಿ.ಮೀ., ಅಂದರೆ ಮೋಟರ್ ಸೈಕಲಿನಂಥ ದಪ್ಪ ವಾಲ್ವಿನದು. ಟ್ಯೂಬ್‌ಲೆಸ್‌ಗೆ ಹೆಚ್ಚಾಗಿ ಸಿಗುವ ಸಣ್ಣ ಪ್ರೆಸ್ಟಾ ವಾಲ್ವಿಗೆ 6.5ರ ತೂತು ಬೇಕು. ದೊಡ್ಡ ತೂತಿನಲ್ಲಿ ಅದು ಅಲ್ಲಾಡಿ ಟೇಪನ್ನೇ ಹರಿಯುತ್ತದೆ. ದಪ್ಪ ವಾಲ್ವಿನ ಟ್ಯೂಬ್‌ಲೆಸ್ ನಮೂನೆಯೂ ಇದೆ, ಅದನ್ನೇ ತರಿಸಿ. ಒಂದೇ ಗೋಡೆಯ ರಿಮ್ ಆಗಿದ್ದರೆ, ಅಂದರೆ ಸ್ಪೋಕಿನ ನಿಪ್ಪಲ್ ತಲೆ ಟೈರಿನೊಳಗೇ ಎದ್ದು ಕಾಣುವಂತಿದ್ದರೆ, ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಅಂಥ ಸೈಕಲ್ಲಿಗೆ ವಾಲ್ವಿನ ಒಳಗಿನ ಪಿನ್ ಬಿಚ್ಚಲು ಬರುವ ಟ್ಯೂಬಿನೊಳಗೆ 60–80 ಮಿ.ಲೀ. ಸೀಲಂಟು ಹಾಕಿದರೆ ಸಣ್ಣ ಮುಳ್ಳಿನ ಕಾಟ ಬಹುಪಾಲು ತಪ್ಪುತ್ತದೆ. ಸಾದಾ ರಿಮ್ಮಿನವರಿಗೆ ಕೊಡಬಹುದಾದ ಒಳ್ಳೆಯ ಸಲಹೆ ಇದೇ.

ಟೇಪಿನ ವಿಷಯದಲ್ಲಿ ಜಿಪುಣತನ ಬೇಡ. ಕರೆಂಟ್ ಟೇಪಿನ ಅಂಟು ನಮ್ಮ ಬಿಸಿಲಿಗೆ ಕರಗಿ ಪಾಯಸವಾಗುತ್ತದೆ, ಟೇಪು ಹಿಗ್ಗಿ ಸ್ಪೋಕಿನ ತೂತುಗಳಲ್ಲಿ ಇಳಿಯುತ್ತದೆ. ಟ್ಯೂಬ್‌ಲೆಸ್ ರಿಮ್ ಟೇಪೇ ಬೇಕು. ರಿಮ್ಮಿನ ಒಳ ಅಗಲಕ್ಕಿಂತ 3–5 ಮಿ.ಮೀ. ಹೆಚ್ಚಿನದು ಕೊಳ್ಳಿ, ಒಳ ಅಗಲ 25 ಇದ್ದರೆ 28 ಅಥವಾ 30ರದು. 29 ಇಂಚಿನ ಗಾಲಿಗೆ ಒಂದು ಸುತ್ತಿಗೆ ಸುಮಾರು 2 ಮೀಟರ್, ಎರಡೂ ಗಾಲಿಗೆ ಎರಡೆರಡು ಸುತ್ತು ಅಂದರೆ 8 ಮೀಟರಿನ ಮೇಲೆ ಹೋಗುತ್ತದೆ, 10 ಮೀಟರಿನ ಸುರುಳಿ ತಗೊಳ್ಳಿ. ಹಳೆ ಅಂಟು ಕೆರೆದು, ಮೆಡಿಕಲ್ ಅಂಗಡಿಯ ಸ್ಪಿರಿಟ್ ಹಚ್ಚಿದ ಅರಿವೆಯಿಂದ ಹೊಳೆಯುವ ತನಕ ಒರೆಸಿ. ಪೆಟ್ರೋಲು, ಸೀಮೆಎಣ್ಣೆ ಬೇಡ, ಅವು ಬಿಡುವ ಎಣ್ಣೆ ಪದರಕ್ಕೆ ಟೇಪು ಹಿಡಿಯುವುದಿಲ್ಲ. ಎರೆಮಣ್ಣು ರಿಮ್ಮಿನ ಮೂಲೆಯಲ್ಲಿ ಒಣಗಿ ಸಿಮೆಂಟಿನಂತಾಗಿರುತ್ತದೆ. ಅದನ್ನು ನೆನೆಸಿ, ಹಳೆ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ ತೆಗೆಯಿರಿ.

ವಾಲ್ವಿನ ತೂತಿಗಿಂತ 10 ಸೆಂ.ಮೀ. ಹಿಂದಿನಿಂದ ಹಚ್ಚಲು ಶುರು ಮಾಡಿ, ಗಟ್ಟಿಯಾಗಿ ಎಳೆಯುತ್ತಾ ಸುತ್ತಿ, ವಾಲ್ವು ದಾಟಿ 10 ಸೆಂ.ಮೀ. ಮುಂದೆ ಹೋಗಿ ಕತ್ತರಿಸಿ. ನಡುವಿನ ತಗ್ಗಿನೊಳಗೂ ಹೆಬ್ಬೆರಳಿನಿಂದ ಒತ್ತಿ ಕೂರಿಸಬೇಕು. ವಾಲ್ವಿನ ತೂತನ್ನು ಬ್ಲೇಡಿನಿಂದ ಕೊಯ್ದರೆ ಆ ಗೆರೆ ಮುಂದೆ ಹರಿಯುತ್ತದೆ. ದಬ್ಬಣದ ತುದಿ ಕಾಯಿಸಿ ಚುಚ್ಚಿ, ಅಂಚು ಕರಗಿ ಗಟ್ಟಿಯಾಗುತ್ತದೆ. ವಾಲ್ವಿನ ನಟ್ಟು ಕೈ ಬೆರಳಿನ ಬಿಗಿ ಸಾಕು. ಪಕ್ಕಡದಿಂದ ಬಿಗಿದರೆ ದಾರಿಯಲ್ಲಿ ಟ್ಯೂಬ್ ಹಾಕುವ ಹೊತ್ತಿಗೆ ಬಿಚ್ಚಲು ಬರುವುದಿಲ್ಲ.

ಈಗ ಟೈರು ಕೂರಿಸುವುದು. ಕಂಪ್ರೆಸರ್ ಇಲ್ಲದೆಯೂ ಆಗುವ ದಾರಿ ಇದೆ, ಒಂದು ರಾತ್ರಿ ಕಾಯಬೇಕು ಅಷ್ಟೆ. ಟೇಪು ಹಚ್ಚಿದ ರಿಮ್ಮಿಗೆ ಮೊದಲು ಟ್ಯೂಬ್ ಹಾಕಿಯೇ ಟೈರು ಏರಿಸಿ. ಬೀಡಿಗೆ ಸೋಪಿನ ನೀರು ಹಚ್ಚಿ, ಮಿತಿಯೊಳಗೆ 30–35 ತುಂಬಿ ರಾತ್ರಿಯಿಡೀ ಬಿಡಿ. ಟೇಪೂ ಒತ್ತಿಕೊಳ್ಳುತ್ತದೆ, ಮಡಚಿ ಬಂದ ಹೊಸ ಟೈರಿನ ಸುಕ್ಕೂ ಹೋಗುತ್ತದೆ. ಮುಂಜಾನೆ ಹವಾ ಬಿಟ್ಟು ಒಂದೇ ಮಗ್ಗುಲು ಬಿಚ್ಚಿ ಟ್ಯೂಬ್ ತೆಗೆಯಿರಿ, ಇನ್ನೊಂದು ಮಗ್ಗುಲು ಕೂತಿದ್ದು ಕೂತಂತೆಯೇ ಇರಲಿ. ಟ್ಯೂಬ್‌ಲೆಸ್ ವಾಲ್ವು ಹಾಕಿ, ಬಿಚ್ಚಿದ ಮಗ್ಗುಲು ಏರಿಸಿ, ವಾಲ್ವಿನ ಒಳಗಿನ ಪಿನ್ ಬಿಚ್ಚಿಟ್ಟು ನೆಲದ ಪಂಪಿನಿಂದ ಬಿಡದೆ ಹೊಡೆಯಿರಿ. ಪಿನ್ ಇಲ್ಲದಿದ್ದರೆ ಹವಾ ರಭಸವಾಗಿ ಹೋಗುತ್ತದೆ, ಸೀಲ್ ಆಗಬೇಕಾದದ್ದು ಒಂದೇ ಬೀಡ್. ಈ ತನಕ ಒಳಗೆ ಒಂದು ಹನಿ ಸೀಲಂಟೂ ಇರಬಾರದು.

ಎರಡೂ ಮಗ್ಗುಲಲ್ಲಿ ಟೈರಿನ ಮೇಲೆ ರಿಮ್ಮಿಗೆ ಹತ್ತಿರ ಒಂದು ಸಣ್ಣ ಗೆರೆ ಇರುತ್ತದೆ. ಅದು ಸುತ್ತಲೂ ರಿಮ್ಮಿನಿಂದ ಸಮ ದೂರದಲ್ಲಿ ಕಾಣಬೇಕು. ಎಲ್ಲಾದರೂ ಮುಳುಗಿದ್ದರೆ ಪೂರ್ತಿ ಹವಾ ಬಿಡಿ, ಆ ಭಾಗವನ್ನು ನಡುವಿನ ತಗ್ಗಿಗೆ ತಳ್ಳಿ ಟೇಪು ಗಂಟಾಗಿದೆಯೇ ನೋಡಿ, ಮತ್ತೆ ಸೋಪು ಹಚ್ಚಿ, ಮತ್ತೆ ತುಂಬಿ. ಹತ್ತು ಸಲ ಮಾಡಬೇಕಾದರೂ ಹೀಗೆಯೇ ಮಾಡಿ. ಹವಾ ತುಂಬಿದ ಟೈರಿನ ಮಗ್ಗುಲಿಗೆ ಮುಖ ಒಡ್ಡಬೇಡಿ, ಕಣ್ಣಿಗೆ ಕನ್ನಡಕ ಇರಲಿ, ಮಕ್ಕಳು ಹತ್ತಿರ ಸುಳಿಯದಿರಲಿ. ತಂಪು ಪಾನೀಯದ 2 ಲೀಟರ್ ಬಾಟಲಿಯನ್ನು ಹವಾದ ಟ್ಯಾಂಕ್ ಮಾಡಿಕೊಳ್ಳುವ ಉಪಾಯ ವಿಡಿಯೋಗಳಲ್ಲಿ ಓಡಾಡುತ್ತಿದೆ. ಗೀರು ಬಿದ್ದ ಬಾಟಲಿ ಕೈಯಲ್ಲೇ ಸಿಡಿಯಬಹುದು. ಸ್ಪ್ರೇ ಹೊಡೆದು ಬೆಂಕಿ ಹಚ್ಚಿ ಟೈರು ಕೂರಿಸುವವರನ್ನಂತೂ ನೋಡಿಯೂ ಕಲಿಯಬೇಡಿ.

ಸೀಲಂಟು ಸೈಕಲ್ಲಿನದೇ ಆಗಬೇಕು, ಲೇಟೆಕ್ಸ್ ಇರುವಂಥದು. ಮೋಟರ್ ಸೈಕಲಿನ ಮಂದನೆಯ ಜೆಲ್ ಸಸ್ತಾ ಸಿಗುತ್ತದೆ, ಆದರೆ ಅದು ತೂತಿನಲ್ಲಿ ಹೆಪ್ಪುಗಟ್ಟುವುದಿಲ್ಲ, ಬೀಡಿನ ಸಂದಿ, ಮಗ್ಗುಲಿನ ಜಿನುಗು ಮುಚ್ಚುವುದಿಲ್ಲ, ತಳದಲ್ಲಿ ಕೂತು ಗಾಲಿಯ ತೂಕವಷ್ಟೇ ಹೆಚ್ಚುತ್ತದೆ. 29 ಇಂಚು, 2.2–2.4 ಟೈರಿಗೆ ಮೊದಲ ಸಲ 100–120 ಮಿ.ಲೀ., 27.5ಕ್ಕೆ 90–100. ತೂತು ಮುಚ್ಚುವ ಸಣ್ಣ ಕಣಗಳು ತಳಕ್ಕೆ ಇಳಿದಿರುತ್ತವೆ, ಹಾಗಾಗಿ ಸುರಿಯುವ ಮುಂಚೆ ಬಾಟಲಿಯನ್ನು ಒಂದು ನಿಮಿಷ ಜೋರಾಗಿ ಅಲ್ಲಾಡಿಸಿ. ಹವಾ ಬಿಟ್ಟು, ಪಿನ್ ತೆಗೆದು, ಮೆಡಿಕಲ್ ಅಂಗಡಿಯ 50–60 ಮಿ.ಲೀ. ಸಿರಿಂಜಿಗೆ ಸಲೈನ್ ಪೈಪಿನ ತುಂಡು ಸಿಕ್ಕಿಸಿ ವಾಲ್ವಿನೊಳಗಿಂದಲೇ ಬಿಡಿ. ಆಗ ವಾಲ್ವು ಗಾಲಿಯ ಕೆಳಭಾಗದಲ್ಲಿ, ತಳದಿಂದ ತುಸು ಪಕ್ಕಕ್ಕೆ ಇರಲಿ. ಲೇಟೆಕ್ಸ್ ಅಲರ್ಜಿ ಇದ್ದವರು ಮುಟ್ಟಬಾರದು. ಅರಿವೆಗೆ ಬಿದ್ದು ಒಣಗಿದರೆ ಹೋಗುವುದಿಲ್ಲ.

ಆಮೇಲೆ ಪಿನ್ ಹಾಕಿ, ಮತ್ತೆ ಹವಾ ತುಂಬಿ, ಗಾಲಿಯನ್ನು ಅಡ್ಡ ಹಿಡಿದು ತಿರುಗಿಸಿ, ಬಕೆಟ್ ಮೇಲೆ ಒಂದೊಂದು ಮಗ್ಗುಲು ಹತ್ತು ನಿಮಿಷ ಮಲಗಿಸಿ, ನಾಲ್ಕೈದು ಕಿಲೋಮೀಟರ್ ಓಡಿಸಿ. ಮಗ್ಗುಲಲ್ಲಿ ಸಣ್ಣ ಗುಳ್ಳೆ ಬಂದರೆ ಹೆದರಬೇಕಿಲ್ಲ, ಒಂದೆರಡು ದಿನದಲ್ಲಿ ನಿಲ್ಲುತ್ತದೆ. ಸ್ಪೋಕಿನ ಬುಡದಲ್ಲಿ ಗುಳ್ಳೆ ಬಂದರೆ ಟೇಪು ಸೋರುತ್ತಿದೆ ಎಂದರ್ಥ. ಹವಾ ಪೊಳ್ಳು ರಿಮ್ಮಿನೊಳಗೆ ಸುತ್ತಾಡಿ ಎಲ್ಲೋ ಹೊರಬರುವುದರಿಂದ ಗುಳ್ಳೆ ಬಂದ ಜಾಗದಲ್ಲೇ ತೂತು ಹುಡುಕಬೇಡಿ. ಟೇಪು ಪೂರ್ತಿ ಕಿತ್ತು ಮತ್ತೆ ಹಚ್ಚುವುದೇ ಸರಿ.

ಓಡಿಸುವಾಗ 70 ಕಿಲೋ ತೂಕದವರಿಗೆ 2.25 ಟೈರಿನಲ್ಲಿ ಮುಂದೆ 22–24, ಹಿಂದೆ 25–27ರಿಂದ ಶುರು ಮಾಡಿ ನೋಡಬಹುದು. ಏಪ್ರಿಲ್-ಮೇ ತಿಂಗಳಲ್ಲಿ ಗದಗ ಕಡೆ 38–40 ಡಿಗ್ರಿ ಬಿಸಿಲಿಗೆ ಸೀಲಂಟು ಬೇಗ ಒಣಗುತ್ತದೆ. ಎರಡು ತಿಂಗಳಿಗೊಮ್ಮೆ ಪಿನ್ ಬಿಚ್ಚಿ ಕಡ್ಡಿ ಇಳಿಸಿ ನೋಡಿ, ಒದ್ದೆ ಹತ್ತದಿದ್ದರೆ 50–60 ಮಿ.ಲೀ. ಹಾಕಿ.

ಕಪ್ಪತಗುಡ್ಡದ ತಪ್ಪಲಿನ ಹೊಲದ ದಾರಿಯಿರಲಿ, ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಸುತ್ತ ಇರಲಿ, ಚೀಲದಲ್ಲಿ ಒಂದು ಟ್ಯೂಬ್ ಇರಲೇಬೇಕು. ಅದನ್ನು ಹಾಕುವ ಮೊದಲು ಟೈರಿನ ಒಳಮೈ ಮೇಲೆ ದಪ್ಪ ಅರಿವೆ ಸುತ್ತಿದ ಕೈ ಆಡಿಸಿ. ಸೀಲಂಟು ಸದ್ದಿಲ್ಲದೆ ಮುಚ್ಚಿದ್ದ ಜಾಲಿಮುಳ್ಳು, ನೆಗ್ಗಿಲಮುಳ್ಳುಗಳ ಮೊನೆ ಹತ್ತಾರು ಸಿಗುತ್ತವೆ. ಒಂದು ಉಳಿದರೂ ಹೊಸ ಟ್ಯೂಬು ನೂರು ಮೀಟರ್ ಹೋಗುವುದರೊಳಗೆ ಪಂಚರ್.