ಚಂದ್ರವಳ್ಳಿಯಿಂದ ಕೋಟೆಯವರೆಗೆ: ಒಂದು ಮಾರ್ಗದರ್ಶಿ ಸೇವೆಯ ಅನುಭವ

‘ಹಿಂದೂ ಧರ್ಮದ ಮೂಲ ಮತ್ತು ಬೆಳವಣಿಗೆ’ ಎಂಬ ಹೆಸರಿನಲ್ಲಿ ಚಿತ್ರದುರ್ಗದ ಚಂದ್ರವಳ್ಳಿಯನ್ನೂ ಕೋಟೆಯನ್ನೂ ದಿನವಿಡೀ ತೋರಿಸುವ ಖಾಸಗಿ ಮಾರ್ಗದರ್ಶಿ ಸೇವೆಯೊಂದಕ್ಕೆ ಮುಂಗಡ ಕಟ್ಟಿ, ದಾವಣಗೆರೆಯಿಂದ ನಾವು ಐದು ಜನ ಒಂದು ಭಾನುವಾರ ಹೋಗಿದ್ದೆವು. ಎಲ್ಲರಿಗೂ ಸೇರಿ 2,500 ರೂಪಾಯಿ ಕೊಟ್ಟೆವು. ಕೋಟೆಯ ಟಿಕೆಟ್ಟು ಬೇರೆ.

ಆರಂಭವೇ ಸಪ್ಪೆಯಾಗಿತ್ತು. ನಮ್ಮ ಧರ್ಮಕ್ಕೆ ಇಷ್ಟು ಸಾವಿರ ವರ್ಷವೆಂದು ಒಂದೇ ವಾಕ್ಯದಲ್ಲಿ ಹೇಳಿ ಮಾರ್ಗದರ್ಶಿ ಮುಂದೆ ನಡೆದುಬಿಟ್ಟರು. ‘ಹಿಂದೂ’ ಎಂಬ ಪದ ವೇದಗಳಲ್ಲಿ ಇಲ್ಲವೆಂಬುದನ್ನೂ, ಹಳಗನ್ನಡದ ‘ಪಾಲು’ ನಮ್ಮ ಬಾಯಲ್ಲಿ ‘ಹಾಲು’ ಆದಂತೆ ‘ಸಿಂಧು’ ಪರ್ಷಿಯನ್ನರ ಬಾಯಲ್ಲಿ ‘ಹಿಂದು’ ಆಗಿ, ಮೊದಲು ನದಿಯಾಚೆಯ ನಾಡಿಗೂ ಬಹಳ ಕಾಲದ ಮೇಲೆ ಮತಕ್ಕೂ ಹೆಸರಾಯಿತೆಂಬುದನ್ನೂ ಅಲ್ಲಿಯೇ ಹೇಳಬಹುದಿತ್ತು.

ಆದರೆ ಬಂಡೆಗಳ ಮುಂದೆ ನಿಂತಾಗ ಅದೇ ಮನುಷ್ಯ ಬೇರೆಯೇ ಆದರು. ಚಂದ್ರವಳ್ಳಿಯ ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ, ಕದಂಬ ಮಯೂರಶರ್ಮ ಕೆರೆ ಕಟ್ಟಿಸಿದ್ದನ್ನು ತಿಳಿಸುವ ನಾಲ್ಕನೆಯ ಶತಮಾನದ ಪ್ರಾಕೃತ ಶಾಸನವಿದೆ. ಸವೆದುಹೋದ ಅಕ್ಷರಗಳು ಬರಿಗಣ್ಣಿಗೆ ಸುಲಭವಾಗಿ ದಕ್ಕುವುದಿಲ್ಲ. ಅವರು ಟಾರ್ಚನ್ನು ಅಡ್ಡಲಾಗಿ ಹಿಡಿದು ಗೀರುಗಳ ನೆರಳು ಬೀಳುವಂತೆ ಮಾಡಿ, ಒಂದೊಂದೇ ಅಕ್ಷರವನ್ನು ಬೆರಳಿನಿಂದ ತೋರಿಸಿದರು. ನನ್ನ ತಕರಾರು ಒಂದೇ: ಬಾಯಲ್ಲಿ ಮಾತ್ರ ಉದ್ದಕ್ಕೂ ‘ಮಯೂರವರ್ಮ’ ಎಂದರು. ಶಾಸನದಲ್ಲಿರುವುದು ‘ವರ್ಮ’ ಅಲ್ಲ, ‘ಶರ್ಮ’. ಓದಲೆಂದು ಕಂಚಿಗೆ ಹೋದ ಬ್ರಾಹ್ಮಣ ಮಯೂರಶರ್ಮ ಅಲ್ಲಿ ಆಳುತ್ತಿದ್ದ ಪಲ್ಲವರ ಮೇಲೆ ಸಿಟ್ಟಾಗಿ ಕತ್ತಿ ಹಿಡಿದ ಕಥೆಯನ್ನು ತಾಳಗುಂದದ ಶಾಸನ ಹೇಳುತ್ತದೆ. ಬ್ರಾಹ್ಮಣರ ‘ಶರ್ಮ’ವನ್ನು ಬಿಟ್ಟು ಅವನ ವಂಶದವರು ಮುಂದೆ ಕ್ಷತ್ರಿಯರಂತೆ ‘ವರ್ಮ’ರಾದರು. ವರ್ಣವೆಂಬುದು ಗ್ರಂಥದಲ್ಲಿ ಎಷ್ಟು ಬಿಗಿ, ಬದುಕಿನಲ್ಲಿ ಎಷ್ಟು ಸಡಿಲ ಎಂಬುದನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಜಾಗ ಜಿಲ್ಲೆಯಲ್ಲಿ ಸಿಗಲಾರದು.

ಕೋಟೆಯ ಹಿಡಿಂಬೇಶ್ವರ ಗುಡಿಯಲ್ಲಿ ಅವರ ಮಾತು ನಿಜಕ್ಕೂ ಕಳೆಗಟ್ಟಿತು. ಭೀಮನ ಕೈಯಲ್ಲಿ ಸತ್ತ ರಾಕ್ಷಸನ ಹೆಸರು ಶಿವನಿಗೆ ಹೇಗೆ ಅಂಟಿಕೊಂಡಿತು ಎಂದು ನಮ್ಮನ್ನೇ ಕೇಳಿ, ಊರಿನ ನಂಬಿಕೆಗಳಿಗೆ ಮಹಾಭಾರತದಲ್ಲಿ ಜಾಗ ದೊರೆತದ್ದನ್ನೂ, ಏಕನಾಥೇಶ್ವರಿಯಂತಹ ಗ್ರಾಮದೇವತೆಗಳು ಪುರಾಣದ ಶಕ್ತಿಯೊಂದಿಗೆ ಬೆಸೆದುಕೊಂಡದ್ದನ್ನೂ ಅವಸರವಿಲ್ಲದೆ ಬಿಡಿಸಿ ಹೇಳಿದರು. ಅಮ್ಮ ಮೆಟ್ಟಿಲ ಮೇಲೆ ಕುಳಿತೇ ಎಲ್ಲವನ್ನೂ ಕೇಳಿಸಿಕೊಂಡರು.

ಕೋಟೆಯೊಳಗಿನ ಮುರುಘಾ ಮಠದ ಮುಂದೆ ಮಾತ್ರ ಎರಡು ನಿಮಿಷ. ಚಿತ್ರದುರ್ಗವನ್ನಾಳಿದ ಬೇಡ ಕುಲದ ನಾಯಕರು ಒಂದು ಕಡೆ ಅಮ್ಮನವರಿಗೆ ಹರಕೆ ಹೊತ್ತು, ಇನ್ನೊಂದು ಕಡೆ ಲಿಂಗಾಯತ ಗುರುಪೀಠಕ್ಕೆ ನಡೆದುಕೊಳ್ಳುತ್ತಿದ್ದರು. ಜಾತಿಯ ಮೇಲುಕೀಳನ್ನು ಪ್ರಶ್ನಿಸಿದ ಹನ್ನೆರಡನೆಯ ಶತಮಾನದ ಶರಣರ ವಿಚಾರವನ್ನು ಇಲ್ಲಿ ಎತ್ತದಿದ್ದರೆ ಧರ್ಮ ಸಮಾಜದ ಮೇಲೆ ಬೀರಿದ ಪ್ರಭಾವವೆಂಬ ಅರ್ಧ ವಿಷಯವೇ ಬಿಟ್ಟುಹೋದಂತೆ.

ಊಟದ ವ್ಯವಸ್ಥೆ ಹೇಳಿಕೊಳ್ಳುವಂತಿರಲಿಲ್ಲ. ಎರಡೂವರೆಗೆ ತಣ್ಣಗಾದ ಚಿತ್ರಾನ್ನ ಬಂತು. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಗೆ ಪ್ರತ್ಯೇಕ ದಿನ ಬೇಕಂತೆ. ತಂದೆತಾಯಿಯ ಸೇವೆ, ಜೀವದಯೆ, ಸತ್ಯವಚನ, ಗುರುಭಕ್ತಿ ಇವು ಹಿಂದಿನಿಂದ ಬಂದ ನಡಾವಳಿ ಎಂದು ಬೌದ್ಧನಾದ ಅಶೋಕ ಅಲ್ಲಿ ಕೆತ್ತಿಸಿದ ಬಂಡೆಯನ್ನು ಇವರ ಟಾರ್ಚಿನ ಬೆಳಕಿನಲ್ಲೇ ನೋಡುವ ಆಸೆ ನನಗಿದೆ. ಬುತ್ತಿ ಮಾತ್ರ ಮನೆಯಿಂದಲೇ ಕಟ್ಟಿಕೊಂಡು ಹೋಗುತ್ತೇನೆ.