ಆಯ್ದ ಗ್ರಾಹಕರಿಗೆ ರಿಯಾಯಿತಿ: ಕೂಪನ್ ಕೋಡಾ, ಲಾಗಿನ್ ಬೆಲೆಯಾ?

ಆನ್‌ಲೈನ್ ಅಂಗಡಿಯಲ್ಲಿ ಕೆಲವರಿಗೆ ಮಾತ್ರ ರಿಯಾಯಿತಿ ಕೊಡಲು ಮುಖ್ಯವಾಗಿ ಎರಡು ದಾರಿ. ಕೂಪನ್ ಕೋಡ್ ಕಳಿಸುವುದು, ಇಲ್ಲಾ ಲಾಗಿನ್ ಆದ ಕೂಡಲೇ ಬೆಲೆ ತಾನೇ ಇಳಿಯುವ ಹಾಗೆ ಮಾಡುವುದು.

ಕೋಡ್ ಸುಲಭ. ಆದರೆ ಎಲ್ಲರಿಗೂ ಒಂದೇ ಕೋಡ್ ಕಳಿಸಿದರೆ ಅದು ಗುಟ್ಟಾಗಿ ಉಳಿಯಲ್ಲ, ಒಬ್ಬರು ಇನ್ನೊಬ್ಬರಿಗೆ ಫಾರ್ವರ್ಡ್ ಮಾಡುತ್ತಾರೆ, ಕೊನೆಗೆ ಕೂಪನ್ ಸೈಟುಗಳಲ್ಲೂ ಬಂದು ಕೂರುತ್ತದೆ, ಆಮೇಲೆ ನೀವು ಯಾರಿಗಾಗಿ ಮಾಡಿದ್ದಿರೋ ಅವರಿಗಿಂತ ಬೇರೆಯವರೇ ಜಾಸ್ತಿ ಬಳಸುತ್ತಾರೆ. ಅದಕ್ಕೇ ಒಬ್ಬೊಬ್ಬರಿಗೂ ಬೇರೆ ಕೋಡ್ ಕೊಡಿ, ಒಂದೇ ಸಲ ಬಳಸುವಂತೆ ಮಿತಿ ಹಾಕಿ. ಆನ್‌ಲೈನ್ ಅಂಗಡಿ ನಡೆಸುವ ತಂತ್ರಾಂಶವಾದ ವೂಕಾಮರ್ಸ್‌ನಲ್ಲಿ ಕೂಪನ್ನನ್ನು ಇಂತಿಂಥ ಇಮೇಲ್‌ಗಳಿಗೆ ಮಾತ್ರ ಅಂತ ಕಟ್ಟಿಹಾಕಬಹುದು, ಅಂಥದ್ದೇ ಇನ್ನೊಂದಾದ ಶಾಪಿಫೈನಲ್ಲಿ ಗ್ರಾಹಕರ ಗುಂಪನ್ನೇ ಆರಿಸಬಹುದು. ಇನ್ನೊಂದು ತೊಂದರೆ ಇದೆ. ಹಣ ಕಟ್ಟುವ ಪುಟದಲ್ಲಿ ಖಾಲಿ ಕೂಪನ್ ಪೆಟ್ಟಿಗೆ ಕಂಡರೆ, ಕೋಡ್ ಇಲ್ಲದವರಿಗೆ ತಮಗೇನೋ ತಪ್ಪಿಹೋಯಿತು ಅನಿಸುತ್ತದೆ ಅಲ್ವಾ?

ಲಾಗಿನ್ ಬೆಲೆಯಲ್ಲಿ ಆ ಕಾಟವಿಲ್ಲ, ಸೋರುವ ಭಯವೂ ಕಡಿಮೆ. ಆದರೆ ಖಾತೆ ತೆರೆಯದೆ ಕೊಳ್ಳುವವರಿಗೆ ಅದು ಕಾಣುವುದೇ ಇಲ್ಲ. ಕೆಲವು ಕಡೆ ಬೇರೆ ಪ್ಲಗಿನ್ (ಸೇರಿಸಿಕೊಳ್ಳುವ ಹೆಚ್ಚುವರಿ ತಂತ್ರಾಂಶ) ಕೂಡ ಬೇಕು.

ಪದೇ ಪದೇ ಸಗಟು ಕೊಳ್ಳುವವರಿದ್ದರೆ ಲಾಗಿನ್ ಬೆಲೆಯೇ ಸರಿ. ಬಹಳ ದಿನದಿಂದ ಬರದವರನ್ನು ಕರೆಯಲು ಅಷ್ಟೆಲ್ಲ ಬೇಡ, ಒಬ್ಬರಿಗೊಂದು ಕೋಡ್, ಕೊನೆಯ ದಿನಾಂಕದ ಜೊತೆ, ಸಾಕು.