ಮೌಂಟನ್ ಡಲ್ಸಿಮರ್: ಆರು ವರ್ಷ ನುಡಿಸಿದ ಮೇಲೆ

ಉತ್ತರ ಕೆರೊಲಿನಾದ ಪಶ್ಚಿಮ ಬೆಟ್ಟಸೀಮೆಗೆ ಬಂದು ನೆಲೆಸಿದ ವರ್ಷವೇ ನಾನು ಮೊದಲ ಮೌಂಟನ್ ಡಲ್ಸಿಮರ್ ಕೊಂಡೆ; ಇದು ತೊಡೆಯ ಮೇಲಿಟ್ಟು ಮೀಟುವ ತಂತಿವಾದ್ಯ. ಈಗ ನುಡಿಸುತ್ತಿರುವುದು ಎರಡನೆಯದು: ಅರ್ಕನ್ಸಾದ ಮೌಂಟನ್ ವ್ಯೂ ಊರಿನಲ್ಲಿ ತಯಾರಾಗುವ ಮ್ಯಾಕ್‌ಸ್ಪ್ಯಾಡನ್, ವಾಲ್‌ನಟ್ ಮರದ್ದು, ನಾಲ್ಕು ತಂತಿಯದು. ಆರು ವರ್ಷಗಳಿಂದ ಹೆಚ್ಚುಕಡಿಮೆ ಪ್ರತಿ ಸಂಜೆ ಇದು ನನ್ನ ತೊಡೆಯ ಮೇಲಿರುತ್ತದೆ. ಸಂತೂರಿನಂತೆ ಕೋಲಿನಿಂದ ಬಡಿದು ನುಡಿಸುವ ಡಲ್ಸಿಮರ್ ಬೇರೆಯೇ ವಾದ್ಯ; ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಕೊಳ್ಳಹೋಗಬಾರದು.

ಮೊದಲನೆಯದನ್ನು ಬರಿಯ ಚಿತ್ರ ನೋಡಿ ತರಿಸಿಕೊಂಡಿದ್ದೆ. ಹೃದಯಾಕಾರದ ನಾದರಂಧ್ರಗಳಿದ್ದವು, ಮೆರುಗು ಚೆನ್ನಾಗಿತ್ತು, ಆದರೆ ಶ್ರುತಿ ನಿಲ್ಲಲಿಲ್ಲ. ಈ ವಾದ್ಯದ ಪಟ್ಟಿಯ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ತುಂಡುಗಳೇ ಫ್ರೆಟ್‌ಗಳು. ಏಳನೆಯ ಫ್ರೆಟ್‌ಗೆ ತಾರಷಡ್ಜ, ಅಂದರೆ ಮೇಲಿನ ಸ, ಬರಬೇಕು. ಅಲ್ಲಿ ತಂತಿಯನ್ನು ಒತ್ತದೆ ಬೆರಳು ಸೋಕಿಸಿ ಮೀಟಿದಾಗ ಕೇಳುವ ಸ್ವರವೂ, ಒತ್ತಿ ಹಿಡಿದು ಮೀಟಿದಾಗ ಕೇಳುವ ಸ್ವರವೂ ಒಂದೇ ಆಗಿರಬೇಕು. ನನ್ನದರಲ್ಲಿ ಒತ್ತಿದ ಸ್ವರ ಸ್ಪಷ್ಟವಾಗಿ ಏರಿ ನಿಲ್ಲುತ್ತಿತ್ತು, ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯನ್ನು ಸರಿಸೋಣವೆಂದರೆ ಅದನ್ನು ಅಂಟಿಸಿಬಿಟ್ಟಿದ್ದರು. ಪಕ್ಕದಲ್ಲೇ ಶ್ರುತಿಯ ತಂತಿಗಳು ಸದಾ ಮೊಳಗುವ ವಾದ್ಯವಾದ್ದರಿಂದ ಇಷ್ಟು ಸಣ್ಣ ದೋಷವೂ ಕಿವಿಗೆ ಚುಚ್ಚುತ್ತದೆ. ತಂತಿಗಳ ಎತ್ತರವೂ ಅತಿಯಾಗಿತ್ತು. ಎತ್ತರವನ್ನು ಅಳೆಯಲು ಇಲ್ಲಿನವರು ನಾಣ್ಯ ಬಳಸುತ್ತಾರೆ: ಮೊದಲ ಫ್ರೆಟ್‌ನ ಪಕ್ಕ ಪಟ್ಟಿಯ ಮೇಲೆ ಹತ್ತು ಸೆಂಟಿನ ಡೈಮ್ ಒಂದನ್ನೂ, ಏಳನೆಯ ಫ್ರೆಟ್‌ನ ಮೇಲೆ ಸುಮಾರು 2 ಮಿಲಿಮೀಟರ್ ದಪ್ಪದ ಐದು ಸೆಂಟಿನ ನಿಕಲ್ ಒಂದನ್ನೂ ಇಟ್ಟರೆ ತಂತಿ ಅವುಗಳನ್ನು ಸೋಕಿಯೂ ಸೋಕದಂತಿರಬೇಕು. ಅಂಗಡಿಗೆ ಹೋಗುವವರು ಈ ಎರಡು ಪರೀಕ್ಷೆಗಳನ್ನು ಮಾಡದೆ ಹಣ ಕೊಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯದನ್ನು ಕೈಯಲ್ಲಿ ಹಿಡಿದು ನುಡಿಸಿ ನೋಡಿಯೇ ಆರಿಸಿದೆ. ಕುದುರೆಯಿಂದ ಎದುರಿನ ಅಂಚಿನವರೆಗೆ ತಂತಿಯ ಉದ್ದ 28 ಇಂಚು ದಾಟಿದರೆ ನಾದ ಹೆಚ್ಚು ಹೊತ್ತು ನಿಲ್ಲುತ್ತದೆ, ಆದರೆ ಫ್ರೆಟ್‌ಗಳ ನಡುವಿನ ಅಂತರವೂ ಹೆಚ್ಚುತ್ತದೆ. ನನ್ನ ಬೆರಳುಗಳು ಗಿಡ್ಡ, ಆದ್ದರಿಂದ 26 ಇಂಚಿನದನ್ನು ಕೊಂಡೆ. ಜನಪದ ಗಾಯಕಿ ಜೀನ್ ರಿಚಿಯವರು ನುಡಿಸುತ್ತಿದ್ದ ಹಳೆಯ ಕೆಂಟಕಿ ಕ್ರಮದಲ್ಲಿ, ಕಡ್ಡಿಯನ್ನು ತಂತಿಯ ಮೇಲೆ ಜಾರಿಸುತ್ತ ಗರಿಯಿಂದ ಮೀಟುವವರಿಗೆ ಉದ್ದದ ವಾದ್ಯವೇ ಒಳ್ಳೆಯದು.

ಕರ್ನಾಟಕ ಸಂಗೀತ ಬಲ್ಲವರು ಒಂದು ವಿಷಯವನ್ನು ಮೊದಲೇ ತಿಳಿದಿರಬೇಕು. ಇದರ ಫ್ರೆಟ್‌ಗಳು ವೀಣೆಯ ಮೆಟ್ಟಿಲುಗಳಂತೆ ಹನ್ನೆರಡೂ ಸ್ವರಸ್ಥಾನಗಳಿಗಿಲ್ಲ. ಒಂದು ಸ್ಥಾಯಿಗೆ ಏಳೇ. ತಂತಿಗಳನ್ನು ಡಿ-ಎ-ಡಿ, ಅಂದರೆ ಸ-ಪ-ಸ ಎಂದು ಕೂಡಿಸಿ ತೆರೆದ ತಂತಿಯಿಂದ ಏರುತ್ತ ಹೋದರೆ ಹರಿಕಾಂಭೋಜಿಯ ಸ್ವರಗಳು ಬರುತ್ತವೆ. ಆರೂವರೆಯದೆಂದು ಕರೆಯುವ ಹೆಚ್ಚುವರಿ ಫ್ರೆಟ್ ಇದ್ದರೆ ಕಾಕಲಿ ನಿಷಾದ ಸಿಕ್ಕಿ ಶಂಕರಾಭರಣವೂ ಬರುತ್ತದೆ, ಆದ್ದರಿಂದ ಆ ಫ್ರೆಟ್ ಇಲ್ಲದ್ದನ್ನು ಕೊಳ್ಳಬೇಡಿ. ರಾಗ ನುಡಿಸುವ ತಂತಿಯನ್ನು ಸಿ ಸ್ವರಕ್ಕೆ ಇಳಿಸಿ ಮೊದಲ ಫ್ರೆಟ್ಟನ್ನು ಷಡ್ಜ ಮಾಡಿಕೊಂಡರೆ ನಠಭೈರವಿ ಆಗುತ್ತದೆ. ಜಿ ಸ್ವರಕ್ಕೆ ಇಳಿಸಿ ನಾಲ್ಕನೆಯದರಿಂದ ಹೊರಟರೆ ಖರಹರಪ್ರಿಯ. ಹೀಗೆ ತಂತಿ ಸಡಿಲಿಸಿ ಮೇಳ ಬದಲಾಯಿಸುವುದರಲ್ಲಿ ನನಗೆ ಸಿಕ್ಕಿರುವ ಸಂತೋಷ ದೊಡ್ಡದು. ಆದರೆ ನಾವೆಲ್ಲ ಸರಳೆವರಸೆ ಕಲಿತ ಮಾಯಾಮಾಳವಗೌಳ ಇದರಲ್ಲಿ ಬರುವುದೇ ಇಲ್ಲ. ತಂತಿಯನ್ನು ಪಕ್ಕಕ್ಕೆ ಎಳೆದರೆ ಸ್ವರ ಸ್ವಲ್ಪ ಏರುತ್ತದೆಯೇ ಹೊರತು ವೀಣೆಯ ಗಮಕವನ್ನು ಇದರಿಂದ ನಿರೀಕ್ಷಿಸಲಾಗದು.

ಬಾಳಿಕೆಯ ಬಗ್ಗೆ ದೂರಿಲ್ಲ. ಮೊದಲ ಚಳಿಗಾಲದಲ್ಲಿ ಹೀಟರ್ ಹಾಕಿದ ಕೋಣೆಯಲ್ಲಿಯೇ ಅದನ್ನು ಗೋಡೆಗೆ ತೂಗುಹಾಕಿದ್ದೆ. ಒಣಗಾಳಿಗೆ ಮರ ಕುಗ್ಗಿತು, ಲೋಹ ಕುಗ್ಗಲಿಲ್ಲ. ಫ್ರೆಟ್‌ಗಳ ತುದಿಗಳು ಪಟ್ಟಿಯ ಅಂಚಿನಿಂದ ಹೊರಚಾಚಿ ಬೆರಳನ್ನು ಗೀರಿದವು. ಅಂದಿನಿಂದ ಪೆಟ್ಟಿಗೆಯಲ್ಲಿ ತೇವದ ಸ್ಪಂಜು ಇಟ್ಟು ಆರ್ದ್ರತೆಯನ್ನು ಶೇ. 45ರಿಂದ 55ರೊಳಗೆ ಕಾಯ್ದುಕೊಂಡಿದ್ದೇನೆ, ಆ ತೊಂದರೆ ಮರುಕಳಿಸಿಲ್ಲ. ತಂತಿಗಳನ್ನು ವರ್ಷಕ್ಕೆ ಎರಡು ಬಾರಿ ಬದಲಾಯಿಸುತ್ತೇನೆ.

ನಾಲ್ಕು ತಂತಿಗಳಲ್ಲಿ ನುಡಿಸುವವರ ಕಡೆಗಿರುವ ಎರಡು, ಒಂದೇ ಸ್ವರಕ್ಕೆ ಕೂಡಿಸಿದ ಜೋಡಿತಂತಿಗಳು. ಜೋಡಿಯಿದ್ದರೆ ನಾದ ಜೋರಾಗಿರುತ್ತದೆ, ಆದರೆ ಬೆರಳಿನಿಂದ ಒತ್ತುವಾಗ ಎರಡೂ ಸಮನಾಗಿ ಒತ್ತಿಕೊಳ್ಳುವುದಿಲ್ಲ. ಮೂರನೆಯ ವರ್ಷ ನಾನು ಒಂದನ್ನು ಬಿಚ್ಚಿ ತೆಗೆದೆ. ಆ ಬಿರಡೆ ಈಗಲೂ ಖಾಲಿಯೇ ಇದೆ.